ಮೊದಲ ನೀರು

ಚರ್ಚಿನಲ್ಲಿ ಅವಳನ್ನು ಎಲ್ಲರೂ ಗಂಜಿಯಕ್ಕ ಎನ್ನುತ್ತಿದ್ದರು. ಪೂಜೆಯ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಶನಿವಾರ ತಂದಿಡುವುದು ಅವಳ ಪಾಲಿನ ಕೆಲಸ. ಸಂಬಳವಿಲ್ಲ, ಸೇವೆ ಎಂದು ಹೆಸರು. ಮನೆಯ ಕೆಲಸಕ್ಕೂ ಸಂಬಳವಿರಲಿಲ್ಲ, ಅದಕ್ಕೆ ಹೆಸರೂ ಇರಲಿಲ್ಲ.

ಹಾಸಿಗೆ ಹಿಡಿದ ಅತ್ತೆಯನ್ನು ದಿನಕ್ಕೆ ಆರು ಸಲ ಮಗ್ಗುಲು ಹೊರಳಿಸಬೇಕು. ಗಂಡನಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ. ಅವನ ಅಂಗಿಯ ಗ್ರೀಸು ಕುದಿನೀರಿಗೂ ಬಗ್ಗದು. ಇಬ್ಬರು ಹೆಣ್ಣುಮಕ್ಕಳ ಡಬ್ಬಿ, ಸಾಕ್ಸು, ಜಡೆ. ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಾಣುತ್ತಿತ್ತು, ಗೋಡೆಯಷ್ಟೇ.

ನಾಲ್ಕು ತಿಂಗಳಿಂದ ಅವಳಿಗೆ ಏನೋ ಆಗಿತ್ತು. ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಡುವುದೇ ಒಂದು ದಿನದ ಕೆಲಸವೆನಿಸುತ್ತಿತ್ತು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ತಾನಿಲ್ಲದಿದ್ದರೆ ಮನೆ ಹೇಗಿರುತ್ತದೆ ಎಂದು ಯೋಚಿಸುತ್ತಾ ನಿಂತುಬಿಡುತ್ತಿದ್ದಳು. ಮೊದಮೊದಲು ಆ ಯೋಚನೆ ಬಂದು ಹೋಗುತ್ತಿತ್ತು. ಈಗ ಬಂದು ಕೂತಿತ್ತು.

“ಜ್ವರ ಇದೆಯಾ?” ಎಂದು ಗಂಡ ಕೇಳಿದ್ದ.

“ಇಲ್ಲ.”

“ಮತ್ತೆ ಮುಖ ಯಾಕೆ ಹಾಗಿಟ್ಕೊಂಡಿದೀಯ?”

ಹೇಳುವಂತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಅಕ್ಕ ತನ್ನ ಜೀವ ತಾನೇ ತೆಗೆದುಕೊಂಡಿದ್ದಳು. ಆ ದಿನ ಅಮ್ಮ ಇವಳ ರಟ್ಟೆ ಹಿಡಿದು, “ಹಾರ್ಟ್ ಅಟ್ಯಾಕ್. ಯಾರು ಕೇಳಿದ್ರೂ ಅಷ್ಟೇ. ಫಾದರ್ ಕಿವಿಗೆ ಬಿದ್ರೆ ನಮ್ಮ ಹುಡುಗಿಗೆ ಚರ್ಚಿನ ಮಣ್ಣೂ ಸಿಗಲ್ಲ” ಎಂದಿದ್ದಳು. ಕಣ್ಣು ಮುಚ್ಚುವವರೆಗೂ ಅಮ್ಮ ಹಾರ್ಟ್ ಅಟ್ಯಾಕ್ ಎಂದೇ ಅತ್ತಳು. ಅಕ್ಕ ನರಕದಲ್ಲಿದ್ದಾಳೆ ಎಂಬುದು ತವರಿನಲ್ಲಿ ಯಾರೂ ಆಡದ, ಎಲ್ಲರೂ ನಂಬಿದ ಮಾತು. ಈಗ ತನಗೂ ಅದೇ ದಾರಿ ಕಾಣುತ್ತಿದೆ ಎಂದರೆ ಇಲ್ಲೂ ಜಾಗವಿಲ್ಲ, ಅಲ್ಲೂ ಇಲ್ಲ.

ಪೂಜೆಯ ಬಟ್ಟೆಗೆ ಒಂದು ಕಟ್ಟುಪಾಡಿದೆ. ಯೇಸುವಿನ ಶರೀರವೆಂದು ನಂಬುವ ಪರಮಪ್ರಸಾದದ ಕಣವೊಂದು ಅದರಲ್ಲಿ ಉಳಿದಿರಬಹುದೆಂದು, ನೆನೆಸಿದ ಮೊದಲ ನೀರನ್ನು ಬಚ್ಚಲಿಗೆ ಚೆಲ್ಲುವುದಿಲ್ಲ, ಮಣ್ಣಿಗೇ ಹೊಯ್ಯಬೇಕು. ಮದುವೆಯಾಗಿ ಬಂದಂದಿನಿಂದ ಅವಳು ಅದನ್ನು ತಪ್ಪಿಸಿರಲಿಲ್ಲ. ಆ ಶುಕ್ರವಾರ ಬೋಗುಣಿ ಎತ್ತಿ ಬಚ್ಚಲಿಗೆ ಸುರಿದುಬಿಟ್ಟಳು. ಅತ್ತೆಯ ಬಟ್ಟೆ ಯಾವುದು, ದೇವರ ಬಟ್ಟೆ ಯಾವುದು ಎಂಬುದೇ ಆ ಹೊತ್ತಿಗೆ ತಿಳಿದಿರಲಿಲ್ಲ. ನೀರು ಗೊಳಗೊಳ ಇಳಿದುಹೋಯಿತು.

ಸಾವಿನ ಯೋಚನೆಯನ್ನು ನಾಲ್ಕು ತಿಂಗಳು ಹೊತ್ತವಳಿಗೆ ಈ ನೀರನ್ನು ಒಂದು ದಿನವೂ ಹೊರಲಾಗಲಿಲ್ಲ. ಶನಿವಾರ ಮಧ್ಯಾಹ್ನ ಬಟ್ಟೆಯ ಗಂಟಿನೊಡನೆ ಪೀಠದ ಪಕ್ಕದ ಕೋಣೆಗೆ ಹೋದಳು. ಫಾದರ್ ಉರಿದುಳಿದ ಮೇಣದಬತ್ತಿಗಳ ಚೂರು ಆರಿಸುತ್ತಿದ್ದರು.

“ಫಾದರ್, ಮೊದಲ ನೀರು ಬಚ್ಚಲಿಗೆ ಹಾಕಿಬಿಟ್ಟೆ.”

“ಅಯ್ಯೋ, ಅಷ್ಟೇನಾ? ಎಲ್ಲೋ ನನ್ನ ನಿಲುವಂಗಿ ಸುಟ್ಟೆಯೇನೋ ಅಂದ್ಕೊಂಡೆ.” ನಕ್ಕರು. ಅವಳು ನಗಲಿಲ್ಲ. ಅವರು ಮೇಣ ಕೆಳಗಿಟ್ಟರು. “ಏನಾಯ್ತಮ್ಮ?”

“ನೀರು ಹೋಗೋದು ನೋಡ್ತಾ, ನಾನೂ ಹೀಗೇ ಹೋಗ್ಬಿಟ್ರೆ ಸಾಕು ಅನ್ನಿಸ್ತು.”

ಫಾದರ್ ಇದ್ದೊಂದು ಕುರ್ಚಿಯನ್ನು ಅವಳತ್ತ ಸರಿಸಿ, ತಾವು ಪೆಟ್ಟಿಗೆಯ ಮೇಲೆ ಕೂತರು. “ಸಾಯಬೇಕು ಅನ್ನಿಸ್ತಿದೆಯಾ?”

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. “ಹೂಂ” ಎಂದಳು. ಅದರ ಹಿಂದೆಯೇ ಅಕ್ಕನ ವಿಷಯವೂ ಬಂತು.

“ಅದು ಕಾಯಿಲೆ ಕಣಮ್ಮ. ನಿಮ್ಮಕ್ಕನ್ನ ದೇವರು ಕೈಬಿಟ್ಟಿದಾನೆ ಅಂತ ನಾನು ನಂಬಲ್ಲ, ಧರ್ಮಸಭೆನೂ ಹಾಗೆ ಹೇಳಲ್ಲ. ಅಂಥವರಿಗೆ ಮಣ್ಣೂ ಕೊಡ್ತೀವಿ, ಪ್ರಾರ್ಥನೆನೂ ಮಾಡ್ತೀವಿ.”

ಸಮಾಧಾನಕ್ಕಿಂತ ಮೊದಲು ಅವಳಿಗೆ ಸಿಟ್ಟು ಬಂತು. “ಇದನ್ನ ಒಂದು ಭಾನುವಾರನಾದ್ರೂ ಪ್ರಸಂಗದಲ್ಲಿ ಹೇಳಿದ್ರಾ ಫಾದರ್? ಶಿಲುಬೆ ಹೊತ್ಕೊಳ್ಳಿ, ಸಹಿಸ್ಕೊಳ್ಳಿ ಅಂತ ವಾರವಾರ ಹೇಳ್ತೀರಿ. ನಮ್ಮಮ್ಮ ಬಾಯಿ ಹೊಲ್ಕೊಂಡೇ ಸತ್ಳು.”

“ಹೇಳಿಲ್ಲ” ಎಂದರು ಫಾದರ್. ತಲೆ ಎತ್ತಲಿಲ್ಲ. “ಹೇಳಬೇಕಿತ್ತು.”

ಪ್ರಾರ್ಥನೆಯೊಂದೇ ಸಾಲದು, ಔಷಧಿಯೂ ಬೇಕು ಎಂದು ಅವಳೆದುರೇ ಆಸ್ಪತ್ರೆಯ ಮನೋವೈದ್ಯೆಗೆ ಫೋನ್ ಮಾಡಿದರು. ಸೋಮವಾರ ಹತ್ತು ಗಂಟೆ. “ಅಲ್ಲಿವರೆಗೆ ಒಬ್ಬಳೇ ಇರಬೇಡ. ಇವತ್ತೇ ಮನೆಯಲ್ಲಿ ಹೇಳು. ಹೇಳೋಕಾಗದಿದ್ರೆ ಫೋನ್ ಮಾಡು, ಯಾವ ಹೊತ್ತಾದ್ರೂ ಬರ್ತೀನಿ.”

ಸಂಜೆ ಗಂಡ ಕೈತೊಳೆದು ಕೂತಾಗ ಹೇಳಿದಳು: “ಸೋಮವಾರ ಹತ್ತಕ್ಕೆ ಡಾಕ್ಟರ್ ಹತ್ರ ಹೋಗಬೇಕು.”

“ಹತ್ತಕ್ಕಾ? ಅದು ಅಮ್ಮನಿಗೆ ಮಗ್ಗುಲು ಬದಲಾಯಿಸೋ ಹೊತ್ತಲ್ವಾ?”

ಅವನಿಗೆ ಹೊತ್ತು ಗೊತ್ತಿತ್ತು. ಕೆಲಸ ಗೊತ್ತಿರಲಿಲ್ಲ. ಹೋಗಲಿ ಬಿಡಿ, ಇನ್ನೊಂದು ದಿನ ನೋಡೋಣ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

“ನನಗೆ ಸಾಯಬೇಕು ಅನ್ನಿಸ್ತಿದೆ. ಅಕ್ಕನ ಹಾಗೆ. ಅಕ್ಕನಿಗೆ ಹಾರ್ಟ್ ಅಟ್ಯಾಕ್ ಆಗಿರಲಿಲ್ಲ.”

ಉತ್ತರ ಬಂದದ್ದು ಒಳಕೋಣೆಯಿಂದ, ಅತ್ತೆಯದು.

“ರಜೆ ಹಾಕೋ, ಮಂಕೇ! ಮಲಗಿದಲ್ಲಿಂದ ನನಗೇ ಅವಳ ಕಾಲಸಪ್ಪಳ ಬದಲಾದದ್ದು ಗೊತ್ತಾಗಿದೆ, ಓಡಾಡೋ ನಿನಗೆ ಕಣ್ಣಿಲ್ವಾ? ಒಂದು ಹೊತ್ತು ಒದ್ದೆಯಲ್ಲಿ ಬಿದ್ದಿದ್ರೆ ನಾನೇನು ಸೋಪಾ, ಕರಗಿಹೋಗೋಕೆ?”

ಗಂಡ ಎದ್ದು ತಾಯಿಯ ಕೋಣೆಯ ಬಾಗಿಲಲ್ಲಿ ನಿಂತ. ಅಲ್ಲಿಂದಲೇ ಕೇಳಿದ: “ಅಮ್ಮನ ಬಟ್ಟೆ ಎಲ್ಲಿಡ್ತೀಯ?”

ತೋರಿಸಿದಳು. ಮಗ್ಗುಲು ಬದಲಿಸುವುದನ್ನೂ ಹೇಳಿಕೊಟ್ಟಳು. ಬಲಗೈ ಹೆಗಲ ಕೆಳಗೆ, ಎಡಗೈ ಸೊಂಟದ ಕೆಳಗೆ. ತಳ್ಳಬಾರದು, ಮೆಲ್ಲಗೆ ಹೊರಳಿಸಬೇಕು. “ಬಸ್ಸಿನ ಟೈರಲ್ಲ ಕಣೋ ನಾನು!” ಎಂದು ಅತ್ತೆ ಕಿರುಚಿದಳು. ಗೇರ್‌ಬಾಕ್ಸ್ ಎತ್ತುವ ತೋಳುಗಳು ಅರ್ಧ ಹೊರಳಿಸಿ ನಿಂತವು. ಗಂಜಿಯಕ್ಕನ ಕೈಗಳು ತಾವಾಗಿಯೇ ಮುಂದೆ ಚಾಚಿಕೊಂಡವು. ಹಿಂದಕ್ಕೆಳೆದು ಕಂಕುಳಲ್ಲಿ ಬಿಗಿದುಕೊಂಡಳು. ಎದೆಯ ಮೇಲಿನ ಭಾರ ಹಾಗೇ ಇತ್ತು. ಸೋಮವಾರಕ್ಕೆ ಇನ್ನೂ ಒಂದೂವರೆ ದಿನವಿತ್ತು.

“ಇನ್ನೊಂದ್ಸಲ” ಎಂದಳು ಗಂಡನಿಗೆ. “ಈಗ ಎಡಗಡೆಗೆ.”