ಬ್ರೆಜಿಲಿನ ಹುಡುಗಿಯರು, ಐನಾಪುರದ ಹುಡುಗಿಯರು

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಬಿ.ಎ. ಕೊನೆಯ ವರ್ಷ. ಐನಾಪುರದಿಂದ ಅಥಣಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಜೋತಾಡುತ್ತ ಹೋಗಿಬರುತ್ತಿದ್ದೆ. ಧಾರವಾಡಕ್ಕೆ ಹೋಗಿ ಎಂ.ಎ. ಮಾಡಬೇಕೆಂಬ ಹುಚ್ಚು ತಲೆಗೇರಿತ್ತು. ಅಪ್ಪನ ತಲೆಯಲ್ಲಿ ಮಾತ್ರ ಐಗಳಿಯ ದ್ರಾಕ್ಷಿ ತೋಟದವರ ಸಂಬಂಧ ಕೂತಿತ್ತು. ಬರುವ ಭಾನುವಾರವೇ ಅವರು ನನ್ನನ್ನು ನೋಡಲು ಬರುವವರಿದ್ದರು.

ಅದೇ ವಾರ ನಿಪ್ಪಾಣಿಯ ಕಾಲೇಜೊಂದರಲ್ಲಿ ಭಾಷಣ ಸ್ಪರ್ಧೆ. ವಿಷಯ, ಭಾರತ ಮತ್ತು ಬ್ರೆಜಿಲ್ ಹಳ್ಳಿಗಳ ಜನಸಂಖ್ಯೆ. ನನ್ನೊಬ್ಬಳನ್ನೇ ಅಷ್ಟು ದೂರ ಕಳಿಸಲು ಧೈರ್ಯ ಸಾಲದೆ ಅಪ್ಪನೂ ಹೊರಟ. ಕಬ್ಬಿಗೆ ನೀರು ಹಾಯಿಸುವ ಕೆಲಸ ತನ್ನ ತಮ್ಮನಿಗೆ, ನನ್ನ ಕಾಕಾನಿಗೆ, ಒಪ್ಪಿಸಿ, ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದು, ಮೊದಲ ಸಾಲಿನಲ್ಲೇ ಕುಳಿತುಬಿಟ್ಟ.

ನಾನು ಗ್ರಂಥಾಲಯದ ಪುಸ್ತಕದಿಂದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸತೊಡಗಿದೆ. ಬ್ರೆಜಿಲಿನ ಹಳ್ಳಿಗಳು ಬರಿದಾಗುತ್ತಿವೆ, ನಮ್ಮ ಹಳ್ಳಿಗಳು ತುಂಬುತ್ತಲೇ ಇವೆ. ಅಲ್ಲಿ ಊರು ಬಿಟ್ಟು ಪಟ್ಟಣಕ್ಕೆ ಕೆಲಸಕ್ಕೆ ಹೋಗುವವರಲ್ಲಿ ಹುಡುಗಿಯರೇ ಮುಂದು. ಈ ಮಾತಿಗೆ ಬಂದಾಗ ಏನಾಯಿತೋ, ಕೈಯಲ್ಲಿದ್ದ ಟಿಪ್ಪಣಿ ಚೀಟಿ ಮಡಚಿಟ್ಟೆ.

"ನಮ್ಮಲ್ಲೂ ಊರ ಬಿಡಾವ್ರು ಹುಡುಗ್ಯಾರ ರೀ. ಆದ್ರ ಹಳ್ಳಿಯಿಂದ ಹಳ್ಳಿಗೆ. ನಮ್ಮತ್ತಿ ಐನಾಪುರದಿಂದ ಕಾಗವಾಡಕ್ಕ ಹೋದ್ಲು, ಕಾಕಾನ ಹೇಂತಿ ಕಾಗವಾಡದಿಂದ ಐನಾಪುರಕ್ಕ ಬಂದ್ಲು. ಅವ್ವ ಐಗಳಿಯಿಂದ ಬಂದಾಳ, ಈಗ ನನ್ನ ಐಗಳಿಗೆ ಕೊಡಾಕತ್ತಾರ. ಒಬ್ಬಾಕಿ ಹೋದ್ರ ಒಬ್ಬಾಕಿ ಬರ್ತಾಳ. ಹಳ್ಳಿ ಹ್ಯಾಂಗ ಖಾಲಿ ಆಗಬೇಕ್ರಿ?"

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಕೇಳಿದರು, "ಹಂಗಾದ್ರ ನೀ ಯಾವ ದೇಶದ ಲೆಕ್ಕಕ್ಕ ಬರ್ತೀಯವಾ?"

"ಬ್ರೆಜಿಲ್ ಲೆಕ್ಕಕ್ರಿ."

ಬಾಯಿಂದ ಜಾರಿಯೇ ಹೋಯಿತು. ಹಿಂದಿನ ಬೆಂಚುಗಳಿಂದ ಸೀಟಿ ಬಿದ್ದವು. ಅಪ್ಪ ಮಾತ್ರ ತನ್ನ ಚಪ್ಪಲಿ ನೋಡುತ್ತ ಕುಳಿತಿದ್ದ. ನನಗೆ ಎರಡನೇ ಬಹುಮಾನವೆಂದು ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಬೈಗುಳ ಖಾತ್ರಿ ಎಂದು ಗೊತ್ತಿದ್ದರೂ ನನಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಅಷ್ಟು ಜನರೆದುರು ಮನಸ್ಸಿನದನ್ನು ಹೇಳಿಬಿಟ್ಟಿದ್ದೆನಲ್ಲ, ಆ ಖುಷಿಯೇ ಬೇರೆ. ಬಸ್ಸಿನಲ್ಲೂ ಡಬ್ಬಿ ಬಡಿಯುತ್ತ ಕುಳಿತಿದ್ದೆ.

ಬಸ್ಸು ಚಿಕ್ಕೋಡಿ ದಾಟಿತು. ಅಪ್ಪ ಕಿಟಕಿಯ ಕಡೆ ನೋಡುತ್ತಲೇ ಕೇಳಿದ.

"ಬ್ರೆಜಿಲ್‌ದಾಗ ಹುಡುಗ್ಯಾರನ್ನ ಒಬ್ಬೊಬ್ಬರ್ನ ಕಳಸ್ತಾರೇನು?"

"ಹೂಂ ಅಪ್ಪಾ."

"ಹೆದರಿಕಿ ಬರೂದಿಲ್ಲೇನು?"

"ಹುಡುಗ್ಯಾರು ಯಾಕ ಹೆದರ್ತಾರ?"

"ಹುಡುಗ್ಯಾರಿಗಲ್ಲ. ಅವರ ಅಪ್ಪಗೋಳಿಗೆ."

ನನ್ನ ಪುಸ್ತಕದಲ್ಲಿ ಅದಿರಲಿಲ್ಲ. ಡಬ್ಬಿ ಬಡಿಯುವುದನ್ನು ನಿಲ್ಲಿಸಿದೆ.

ಶನಿವಾರ ಬೆಳಿಗ್ಗೆ ಅಪ್ಪ ಅದೇ ಧೋತರ ಉಟ್ಟು ನಿಂತ. ನಾಳೆ ಬರುವುದು ಬೇಡ, ಹುಡುಗಿ ಧಾರವಾಡಕ್ಕೆ ಓದಲು ಹೋಗುತ್ತಾಳೆ ಎಂದು ಐಗಳಿಯವರಿಗೆ ತಾನೇ ಹೇಳಿಬರುತ್ತಾನಂತೆ. ನಾನು ಅಡುಗೆಮನೆಯಲ್ಲಿ ಅಜ್ಜಿಯ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿದೆ. ಮುದುಕಿ ನಗುತ್ತ ಬೈದಳು, ನಾನು ಬಿಡಲಿಲ್ಲ.

"ಹುಡುಗಿ ಒಬ್ಬಾಕಿನ ಹೆಂಗ ಇರ್ತಾಳ ಅಂತ ಅವ್ರು ಕೇಳಿದ್ರ?" ಎಂದಳು ಅವ್ವ.

"ಆಕಿ ಯಾರಿಗೂ ಹೆದರೂದಿಲ್ಲ ಅಂತೀನಿ."

"ಮತ್ತ ನೀವು?"

ಅಪ್ಪ ಧೋತರದ ಅಂಚು ಸರಿಮಾಡಿಕೊಂಡ. ಚಪ್ಪಲಿ ಮೆಟ್ಟಿಕೊಂಡು ಐಗಳಿಯ ಬಸ್ಸಿಗೆ ನಡೆದ.