ತಂಗಿಯ ಗಂಟಲು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಪವರ್‌ಲೂಮ್ ಓಡುವಾಗ ಒಬ್ಬರ ಮಾತು ಒಬ್ಬರಿಗೆ ಕೇಳಬೇಕೆಂದರೆ ಕೂಗಲೇಬೇಕಿತ್ತು. ಆ ಸದ್ದಿನ ಮೇಲೆ ಹಾಡಿ ಹಾಡಿಯೇ ನನ್ನ ತಂಗಿಯ ದನಿ ಅಷ್ಟು ಎತ್ತರಕ್ಕೆ ಏರಿದ್ದು. ಶಾಲೆಗೆ ಸೇರುವ ಮೊದಲೇ ಸೋಮವಾರದ ಭಜನೆಯಲ್ಲಿ ಅವಳು ತತ್ವಪದ ಎತ್ತಿಕೊಂಡರೆ ದೊಡ್ಡವರು ತಾಳ ನಿಲ್ಲಿಸಿ ಕೇಳುತ್ತಿದ್ದರು. ಅವಳಿಗೇ ಅರ್ಥವಾಗದ ಸಾಲುಗಳಿಗೆ ಪಕ್ಕದ ಮನೆಯ ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆರ್ಕೆಸ್ಟ್ರಾ ಮಾಸ್ಟರೊಬ್ಬರು ಅವಳನ್ನು ಸೇರಿಸಿಕೊಂಡರು. ಹೊಸಕೋಟೆ, ನೆಲಮಂಗಲ, ದೇವನಹಳ್ಳಿ, ಎಲ್ಲಿ ಹೋದರೂ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೈಕು ಕೊಡುತ್ತಿದ್ದರು. ಬಿಸಿನೀರಿನ ಫ್ಲಾಸ್ಕು ಹಿಡಿದು ನಾನೂ ಹೋಗುತ್ತಿದ್ದೆ.

ಮಗ್ಗದ ಸದ್ದಿಗೆ ಅಪ್ಪನ ಕಿವಿ ಮಂದವಾಗಿತ್ತು. ಆದರೂ ಒಂದು ಕಾರ್ಯಕ್ರಮವನ್ನೂ ಬಿಡದೆ ಬಂದು, ಮುಂದೆ ಕೂತು, ಹಿಂದಕ್ಕೆ ತಿರುಗಿ ಜನರ ಮುಖ ನೋಡುತ್ತಿದ್ದರು. ಮಗಳು ಹೇಗೆ ಹಾಡಿದಳೆಂದು ಅವರು ತಿಳಿಯುತ್ತಿದ್ದುದು ಹಾಗೆ.

ಹನ್ನೊಂದರ ವಯಸ್ಸಿಗೆ ಅವಳ ದನಿ ಒಡೆಯತೊಡಗಿತು. ಅಮ್ಮ ಬೆಂಗಳೂರಿಗೆ ಕರೆದುಕೊಂಡು ಹೋದಳು. "ಗಂಟಲಲ್ಲಿ ಗಂಟಾಗಿದೆ. ಮಾತೂ ಕಮ್ಮಿ ಮಾಡ್ಬೇಕು. ಹಾಡೋದಂತೂ ಬೇಡ್ವೇ ಬೇಡ" ಎಂದರು ಡಾಕ್ಟರು.

ಅಮ್ಮ ಅದನ್ನು ಅಪ್ಪನ ಕಿವಿಯ ಹತ್ತಿರ ಕೂಗಿ ಹೇಳಿದಳು. ಅಪ್ಪ ನಂಬಲಿಲ್ಲ. "ಚೆನ್ನಾಗೇ ಹಾಡ್ತಾವ್ಳಲ್ಲೇ. ವಿಜಯಪುರದ್ದು ಒಪ್ಕೊಂಡಾಗೈತೆ, ಅದೊಂದು ಮುಗಿಸ್ಲಿ."

ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ಎರಡನೇ ಹಾಡಿನಲ್ಲಿ ದನಿ ಮೇಲೇರಬೇಕಾದ ಕಡೆ ಬರೀ ಗಾಳಿ ಬಂತು. ಅವಳು ಬಾಯಿ ತೆರೆದೇ ನಿಂತಿದ್ದಳು, ಕೀಬೋರ್ಡು ನುಡಿಯುತ್ತಲೇ ಇತ್ತು. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದು ನಕ್ಕರು. ನಗುವ ಮುಖಗಳನ್ನು ಕಂಡು ಅಪ್ಪ ಖುಷಿಯಿಂದ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಮುಖ ನೋಡಿದರು. ಕೈ ನಿಂತಿತು. ವೇದಿಕೆ ಹತ್ತಿ, ಎದೆಯೆತ್ತರ ಬೆಳೆದಿದ್ದ ಮಗಳನ್ನು ಎತ್ತಿಕೊಂಡು ಇಳಿದರು.

ಬಸ್ಸಿನಲ್ಲಿ ಕೇಳಿದರು, "ಯಾವಾಗಿಂದ ಹಿಂಗೈತೆ ಮಗಾ?"

ಅವಳು ಪಿಸುಗುಟ್ಟಿದಳು. ಅಪ್ಪನಿಗೆ ಕೇಳಿಸಲಿಲ್ಲ, ನನ್ನ ಕಡೆ ನೋಡಿದರು. "ಬಹಳ ದಿನದಿಂದ ಅಪ್ಪಾ" ಎಂದು ನಾನು ಕೂಗಿ ಹೇಳಬೇಕಾಯಿತು. ಬಸ್ಸೆಲ್ಲ ತಿರುಗಿ ನೋಡಿತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ, ಊರು ಬರುವವರೆಗೂ ಅತ್ತರು.

ಎಷ್ಟು ಮೌನವಿದ್ದರೂ ಮರಳಿ ಬಂದದ್ದು ಮಾತು ಮಾತ್ರ, ಅದೂ ಒರಟಾಗಿ. ಮಾಸ್ಟರಿಗೆ ಬೇರೆ ಹುಡುಗಿ ಸಿಕ್ಕಳು. ವರ್ಷಗಳ ಮೇಲೆ ತಂಗಿಯನ್ನು ತ್ಯಾಮಗೊಂಡ್ಲುವಿಗೆ ಮದುವೆ ಮಾಡಿ ಕೊಟ್ಟೆವು. ಅವಳು ಹಾಡುತ್ತಿದ್ದಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳಿಗೆ ಮಗಳು ಹುಟ್ಟಿದಾಗ, ತೊಟ್ಟಿಲ ಶಾಸ್ತ್ರದಲ್ಲಿ ಹೆಂಗಸರು "ಒಂದು ಜೋಗುಳ ಹೇಳಮ್ಮಾ" ಎಂದು ಒತ್ತಾಯ ಮಾಡಿದರು.

"ಅಕ್ಕಾ, ನೀನೇ ಹೇಳೇ" ಎಂದಳು.

ನನಗೆ ಶ್ರುತಿ ಹಿಡಿಯಲು ಬರುವುದಿಲ್ಲ. ಆದರೂ ಹಾಡಿದೆ. ಅವಳು ತಲೆಯೆತ್ತದೆ ತೊಟ್ಟಿಲು ತೂಗಿದಳು.