ನೀಲಿ ಡ್ರಮ್ಮಿನ ನೀರಿನ ಪರೀಕ್ಷೆ

ಮರ್ಫಿ ಟೌನಿನ ನಮ್ಮ ಮನೆಗೆ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ. ಅದನ್ನು ಹಿತ್ತಲಿನ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುಂಬಿಡುವುದು ಅತ್ತೆಯ ಕೆಲಸವಾಗಿತ್ತು. ನಿವೃತ್ತರಾದ ವರ್ಷ ಮಾವ ಶಿವಾಜಿನಗರದಿಂದ ಆಟೋದ ಮೇಲೆ ಕಟ್ಟಿಸಿ ತಂದ ಡ್ರಮ್ಮು. ಮಾವ ಈಗಿಲ್ಲ. ಡ್ರಮ್ಮನ್ನು ಅತ್ತೆ ವಾರಕ್ಕೊಮ್ಮೆ ಹಿತ್ತಾಳೆ ಕೊಡದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ.

ಕಳೆದ ಬೇಸಿಗೆಯಲ್ಲಿ ನೀರಿಗೆ ಹೊಸ ರೇನ್‌ಕೋಟಿನಂಥ ವಾಸನೆ ಬರತೊಡಗಿತು. ಡ್ರಮ್ಮು ಎಸೆಯೋಣವೆಂದೆ.

“ಇಷ್ಟು ವರ್ಷ ಕುಡಿದಿದೀವಿ. ಯಾರು ಸತ್ರು?”

ನನ್ನ ಕಣ್ಣು ಮಾವನ ಫೋಟೋ ಕಡೆ ಹೋಯಿತು.

“ಅವ್ರು ಸತ್ತಿದ್ದು ಸಕ್ಕರೆ ಕಾಯಿಲೇಲಿ,” ಎಂದರು ಅತ್ತೆ.

ಪರೀಕ್ಷೆ ಮಾಡಿಸೋಣವೆಂದು ರಾಜಿಯಾಯಿತು. ಅರ್ಧ ದಿನ ರಜೆ ಹಾಕಿ, ಎರಡು ಬಸ್ಸು ಬದಲಿಸಿ, ಗರುಡಾಚಾರ್‌ಪಾಳ್ಯದ ಲ್ಯಾಬಿಗೆ ನೀರು ಒಯ್ದೆ. ಕೌಂಟರಿನ ಹುಡುಗಿ ನನ್ನ ಬಾಟಲಿಯನ್ನೇ ನೋಡಿದಳು.

“ಪ್ಲಾಸ್ಟಿಕ್‌ನಿಂದ ನೀರಿಗೆ ಏನು ಇಳಿದಿದೆ ಅಂತ ತಾನೆ ಮೇಡಂ ನೋಡ್ಬೇಕು? ಅದನ್ನ ಪ್ಲಾಸ್ಟಿಕ್ ಬಾಟ್ಲೀಲೇ ತಂದಿದೀರಲ್ಲ! ಗಾಜಿನ ಬಾಟ್ಲೀಲಿ ತನ್ನಿ.”

ಮನೆಯಲ್ಲಿದ್ದ ಒಂದೇ ಗಾಜಿನ ಬಾಟಲಿ ಉಪ್ಪಿನಕಾಯಿಯದು. ಎಷ್ಟು ತೊಳೆದರೂ ಇಂಗು ಬಿಡಲಿಲ್ಲ. ಪಕ್ಕದ ಮನೆಯ ತಮಿಳು ಅಂಕಲ್, “ನನ್ ಹತ್ರ ಬೇಕಾದಷ್ಟಿದೆಮ್ಮ,” ಎಂದು ರಮ್ಮಿನ ಬಾಟಲಿ ಕೊಟ್ಟರು. ಬಿಸಿನೀರಲ್ಲಿ ತೊಳೆದೆ. ಲೇಬಲ್ ಮಾತ್ರ ಅರ್ಧವೇ ಕಿತ್ತುಬಂತು.

ನಾನು ದಾರಿಯಲ್ಲಿ ನೀರು ಬದಲಾಯಿಸಿಬಿಟ್ಟರೆ ಎಂಬ ಅನುಮಾನದಿಂದ ಈ ಸಲ ಅತ್ತೆಯೂ ಹೊರಟರು. ಬಸ್ಸಿನಲ್ಲಿ ಬಾಟಲಿ ಅವರ ಮಡಿಲಲ್ಲೇ ಇತ್ತು. ಕಂಡಕ್ಟರ್ ಬಗ್ಗಿ ಮೆಲ್ಲಗೆ ಹೇಳಿದ: “ಅಮ್ಮಾ, ಬಸ್ಸಲ್ಲಿ ಇದೆಲ್ಲಾ ಬೇಡ.”

“ನೀರು ರೀ ಅದು,” ಎಂದೆ.

“ಎಲ್ರೂ ಹಂಗೇ ಅಂತಾರೆ ಮೇಡಂ.”

ಅತ್ತೆಗೆ ರೇಗಿತು. “ನಮ್ಮನೆಯವ್ರು ಬಿಟ್ಟೋದ ಡ್ರಮ್ಮಿಂದು ಕಣಪ್ಪಾ ಇದು! ಇಷ್ಟು ವರ್ಷದಿಂದ ಮನೆಮಂದಿಯೆಲ್ಲ ಇದನ್ನೇ ಕುಡೀತಿರೋದು!”

ಇಡೀ ಬಸ್ಸು ನಮ್ಮತ್ತ ತಿರುಗಿತು. ನಾನು ಕಿಟಕಿಯಿಂದಾಚೆ ನೋಡತೊಡಗಿದೆ.

ಹತ್ತು ದಿನದ ಮೇಲೆ ಲ್ಯಾಬಿನಿಂದ ಫೋನು ಬಂತು. ಅತ್ತೆಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಪ್ಲಾಸ್ಟಿಕ್ ಮೆತ್ತಗಾಗಲೆಂದು ಬೆರೆಸುವ ರಾಸಾಯನಿಕ ನೀರಲ್ಲಿ ಸಿಕ್ಕಿದೆ ಎಂದಳು ಹುಡುಗಿ. ಗೆದ್ದೆನೆಂದು ಅತ್ತೆಯ ಕಡೆ ನೋಡಿದೆ.

“ಆದ್ರೆ ಡ್ರಮ್ ಗಟ್ಟಿ ಪ್ಲಾಸ್ಟಿಕ್ ಅಲ್ವಾ ಮೇಡಂ? ಅದ್ರಲ್ಲಿ ಇದಿರೋದು ಕಡಿಮೆ. ನೀರು ಹೇಗೆ ತುಂಬಿಸ್ತೀರಾ?”

“ಪೈಪಲ್ಲಿ.”

“ಮೆತ್ತಗಿರೋ ಪೈಪಾ? ಬಿಸಿಲಲ್ಲೇ ಬಿದ್ದಿರುತ್ತಾ?”

“ಹ್ಞೂಂ.”

“ಅದೇ ಇರ್ಬೇಕು. ಪೈಪ್ ಬಿಟ್ಟು ತುಂಬ್ಸಿ, ಇನ್ನೊಂದ್ಸಲ ಟೆಸ್ಟ್ ಮಾಡ್ಸಿ.”

ಅತ್ತೆಗೆ ಬೆನ್ನುನೋವೆಂದು ಅದೇ ವರ್ಷ ಯುಗಾದಿಗೆ ಆ ಹಸಿರು ಪೈಪು ತಂದವಳು ನಾನು. ಅತ್ತೆ ಎದ್ದು ಹೋಗಿ ಪೈಪನ್ನು ನಲ್ಲಿಯಿಂದ ಬಿಚ್ಚಿ ಸುತ್ತಿಟ್ಟರು. ಬೈದಿದ್ದರೇ ವಾಸಿಯಿತ್ತು.

ಪೈಪಿಲ್ಲದೆ ತುಂಬಿಸಿದ ನೀರು ಎರಡನೇ ಪರೀಕ್ಷೆಯಲ್ಲಿ ಪಾಸಾಯಿತು. ಈಗ ನೀರು ಬಂದ ದಿನ ನಲ್ಲಿಯಿಂದ ಡ್ರಮ್ಮಿಗೆ ಸ್ಟೀಲ್ ಕೊಡ ಹೊರುವವಳು ನಾನು. ಅತ್ತೆ ಕಾಫಿ ಹಿಡಿದು ಮೆಟ್ಟಿಲ ಮೇಲೆ ಕೂತು, “ಚೆಲ್ಬೇಡ, ನಿಧಾನ,” ಅನ್ನುತ್ತಿರುತ್ತಾರೆ.